ಕಿರುಚುವ ಮಗಳೂ ನನ್ನ ಮೂಲಕಾರಣ ಸಂಶೋಧನೆಯೂ

ಪೀಣ್ಯದ ಒಂದು ಕಾರ್ಖಾನೆಯಲ್ಲಿ, ಕಬ್ಬಿಣದ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ, ನಾನು ಕ್ವಾಲಿಟಿ ಇನ್‌ಚಾರ್ಜ್. ವಕ್ರವಾದ ಬ್ರಾಕೆಟ್ ಒಂದು ಹೊರಬಂದರೆ "ಏಕೆ?" ಎಂದು ಐದು ಸಲ ಕೇಳಿ ಮೂಲಕಾರಣ ಹಿಡಿಯುವುದು ನನ್ನ ಕಸುಬು. ಐದನೆಯ "ಏಕೆ" ಹೊತ್ತಿಗೆ ಎಂಥ ಆಪರೇಟರೂ ತಪ್ಪೊಪ್ಪಿಕೊಳ್ಳುತ್ತಾನೆ. ಕೆಲವರು ತಮ್ಮದಲ್ಲದ ತಪ್ಪನ್ನೂ!

ಹೀಗಾಗಿ ಮಗಳ ಶಾಲೆಯಿಂದ ಫೋನ್ ಬಂದಾಗ ನಾನು ಎದೆಗುಂದಲಿಲ್ಲ. ಅಂದರೆ, ಹೆಂಡತಿ ಶೈಲಾಳ ಮುಂದೆ ಎದೆಗುಂದಲಿಲ್ಲ. ಸ್ಪೀಕರಿನಲ್ಲಿ ಒಂದನೇ ಕ್ಲಾಸಿನ ಟೀಚರು, "ಸಿಂಚನಾ ಮಾತಾಡೋದೇ ಇಲ್ಲ ಸಾರ್, ಬರೀ ಕಿರುಚ್ತಾಳೆ. ಪೆನ್ಸಿಲ್ ಕೇಳೋಕೂ ಡೆಸ್ಕ್ ಗುದ್ದಿ ಕಿರುಚ್ತಾಳೆ. ಬಿಹೇವಿಯರ್ ಪ್ರಾಬ್ಲಮ್ ಇರ್ಬಹುದು, ಡಾಕ್ಟರಿಗೆ ತೋರಿಸಿ" ಎಂದರು. ಅವಳ ಪಕ್ಕ ಕೂರಲು ಯಾವ ಮಗುವೂ ಒಪ್ಪುತ್ತಿಲ್ಲವಂತೆ. ಆ ಮಾತು ಕೇಳಿ ನನಗೆ ಅನ್ನ ಸೇರಲಿಲ್ಲ.

"ಮನೇಲೇ ಕ್ವಾಲಿಟಿ ಇನ್‌ಚಾರ್ಜ್ ಇರೋವಾಗ ಡಾಕ್ಟರ್ ಯಾಕೆ?" ಎಂದು ಘೋಷಿಸಿದೆ.

"ಶನಿವಾರ ಅಪಾಯಿಂಟ್‌ಮೆಂಟ್ ತಗೊಂಡಿದ್ದೀನಿ. ಅಲ್ಲೀವರೆಗೂ ನಿಮ್ಮ ಕ್ವಾಲಿಟಿ ನೋಡೋಣ" ಎಂದಳು ಶೈಲಾ.

ಮರುದಿನ ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮೊಸರನ್ನದ ಜೊತೆಗೆ ಮನಶ್ಶಾಸ್ತ್ರದ ಮೂರು ವಿಡಿಯೋಗಳನ್ನೂ ಮುಗಿಸಿದೆ. ಸಂಜೆಗೆಲ್ಲ ಪಂಡಿತನಾಗಿದ್ದೆ! ಎಳವೆಯಲ್ಲಿ ಬಿದ್ದ ಪೆಟ್ಟು ಮುಂದೆ ಕೆಟ್ಟ ನಡತೆಯಾಗಿ ಹೊರಬರುತ್ತದೆ ಎಂಬುದು ಒಂದು ವಾದ. ಫಲ ಸಿಕ್ಕ ನಡತೆಯೇ ಬೆಳೆಯುತ್ತದೆ ಎಂಬುದು ಇನ್ನೊಂದು. ಸುತ್ತಲಿನವರನ್ನು ನೋಡಿ ಕಲಿಯುತ್ತಾರೆ ಎಂಬುದು ಮತ್ತೊಂದು. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ, ಕಾರ್ಖಾನೆಯ ಪದ್ಧತಿಯಂತೆಯೇ, ಮೀನಿನ ಮುಳ್ಳಿನ ಚಿತ್ರ ಬಿಡಿಸಿ ಒಂದೊಂದು ಮುಳ್ಳಿಗೂ ಒಂದೊಂದು ಕಾರಣದ ಹೆಸರಿಟ್ಟೆ: ಮನುಷ್ಯ, ಯಂತ್ರ, ವಿಧಾನ, ಕಚ್ಚಾ ಸಾಮಗ್ರಿ.

"ಕಚ್ಚಾ ಸಾಮಗ್ರಿ ಅಂದ್ರೆ?" ಎಂದಳು ಶೈಲಾ.

"ವಂಶದಿಂದ ಬಂದಿದ್ದು."

"ಯಾರ ಕಡೆ ವಂಶ?"

ವಿವೇಕವುಳ್ಳ ಗಂಡ ಇಲ್ಲಿಗೆ ನಿಲ್ಲಿಸುತ್ತಾನೆ. ನಾನು ದಾವಣಗೆರೆಗೆ, ಅತ್ತೆಯವರಿಗೇ, ಫೋನ್ ಹಚ್ಚಿದೆ. ಅದೂ ಸ್ಪೀಕರಿನಲ್ಲಿ! "ಅತ್ತೆ, ಬಾಣಂತನದ ಟೈಮಲ್ಲಿ ಮಗು ಮನಸ್ಸಿಗೆ ಆಘಾತ ಆಗೋ ಅಂಥದ್ದು ಏನಾದ್ರೂ ನಡೆದಿತ್ತಾ?"

ಅತ್ತೆ ಸ್ವಲ್ಪ ಯೋಚಿಸಿದರು. "ನಡೆದಿತ್ತಲ್ಲ ಅಳಿಯಂದ್ರೇ. ತೊಟ್ಟಿಲಿಗೆ ಹಾಕೋ ದಿನ ನೀವು ಬಂದಿದ್ರಿ."

ಶೈಲಾ ಬಹಳ ಹೊತ್ತು ನಕ್ಕಳು. ಮೊದಲನೇ ವಾದವನ್ನು ಅಲ್ಲಿಗೇ ರಿಜೆಕ್ಟ್ ಮಾಡಿದೆ.

ಎರಡನೆಯದಕ್ಕೆ ಕಡಲೆ ಚಿಕ್ಕಿ ತಂದೆ. ಮೆಲ್ಲಗೆ ಕೇಳಿದರೆ ಚಿಕ್ಕಿ, ಕಿರುಚಿದರೆ ಇಲ್ಲ. ನಿಯಮ ಕಬ್ಬಿಣದಷ್ಟು ಗಟ್ಟಿ! ವಿಚಿತ್ರವೆಂದರೆ ಇಡೀ ಸಂಜೆ ಒಂದು ಚಿಕ್ಕಿಯೂ ಖರ್ಚಾಗಲಿಲ್ಲ. "ಹುಡುಗಿ ಪ್ರಯತ್ನವನ್ನೇ ಮಾಡ್ತಿಲ್ಲ" ಎಂದೆ.

"ಪಾಪ, ಆಗ್ಲಿಂದ ನಿಮ್ಮ ಪಕ್ಕದಲ್ಲೇ ನಿಂತು ಕೇಳ್ತಾ ಇದಾಳಲ್ರೀ!"

ತಿರುಗಿ ನೋಡಿದೆ. ಮಗಳು ನಿಂತಿದ್ದಳು. "ಅಪ್ಪಾ! ಮೆಲ್ಲಗೆ ಹೇಳಿದೆ! ಚಿಕ್ಕಿ ಕೊಡು!" ಎಂದು ಕಿಟಕಿ ಗಾಜು ನಡುಗುವಂತೆ ಕಿರುಚಿದಳು. ಗಾಬರಿಯಲ್ಲಿ ಎರಡು ಕೊಟ್ಟುಬಿಟ್ಟೆ.

ಮೂರನೇ ವಾದದ ಪ್ರಕಾರ ಅವಳು ಯಾರನ್ನೋ ನೋಡಿ ಕಲಿತಿರಬೇಕು. ಯಾರನ್ನು? ಮೇಲಿನ ಮನೆಯವರನ್ನೇ! ಹೋಗಿ ಬಾಗಿಲು ಬಡಿದು, "ಟಿವಿ ಸೌಂಡು ಸ್ವಲ್ಪ ಕಮ್ಮಿ ಇಡ್ತೀರಾ?" ಎಂದು ಕೇಳಿಕೊಂಡೆ.

ಆ ಮನುಷ್ಯ ನನ್ನನ್ನು ಕನಿಕರದಿಂದ ನೋಡಿದ. "ನಮ್ಮನೇಲಿ ಟಿವಿನೇ ಇಲ್ಲ ಸಾರ್. ಡೈಲಿ ನಿಮ್ ಟಿವೀಲೇ ನ್ಯೂಸ್ ಕೇಳೋದು."

ಮೆಚ್ಚುಗೆಯ ಮಾತೆಂದು ತಿಳಿದು ಕೆಳಗಿಳಿದೆ.

ಶನಿವಾರ ಬಂತು. ಕ್ಲಿನಿಕ್ಕಿನಲ್ಲಿ ಕೂತಾಗ ನನ್ನ ಪಾಂಡಿತ್ಯವೆಲ್ಲ ಇಳಿದು ಬರೀ ಭಯ ಉಳಿದಿತ್ತು. ಇಷ್ಟು ಚಿಕ್ಕ ಕೂಸಿಗೆ ಏನಾದರೂ ಕಾಯಿಲೆಯ ಹೆಸರು ಅಂಟಿಸಿಬಿಟ್ಟರೆ? ಡಾಕ್ಟರಮ್ಮ ಮಗಳ ಮುಂದೆ ಆಟದ ಸಾಮಾನು ಹರಡಿ ಏನೋ ಕೇಳಿದರು. ಮಗಳ ತುಟಿ ಅಲ್ಲಾಡಿತು. ಮತ್ತೆ ಏನೋ ಕೇಳಿದರು, ಮತ್ತೆ ತುಟಿ ಅಲ್ಲಾಡಿತು. ಅಯ್ಯೋ, ಮಗಳ ಧ್ವನಿಯೇ ನಿಂತುಹೋಯಿತಲ್ಲ ಎಂದು ಕುರ್ಚಿಯಿಂದ ಅರ್ಧ ಎದ್ದೆ. ಅಷ್ಟರಲ್ಲಿ ಶೈಲಾ ಪಕ್ಕೆಗೆ ತಿವಿದಳು. "ಡಾಕ್ಟ್ರು ನಿಮ್ಮನ್ನೇ ಕರೀತಿದಾರೆ ಕಣ್ರೀ! ಎಷ್ಟ್ ಸಲ ಕರೀಬೇಕು?"

ಡಾಕ್ಟರು ಎದುರು ಬಂದು ಗಟ್ಟಿಯಾಗಿ ಹೇಳಿದರು: "ಮಗೂಗೆ ಏನೂ ತೊಂದರೆ ಇಲ್ಲ. ನನ್ನ ಹತ್ರ ಎಷ್ಟು ಚೆನ್ನಾಗಿ, ಮೆಲ್ಲಗೆ ಮಾತಾಡಿದ್ಲು! ಮೆಲ್ಲಗೆ ಕರೆದ್ರೆ ಅಪ್ಪ ತಿರುಗಲ್ವಂತೆ, ಕಿರುಚಿದ್ರೆ ತಿರುಗ್ತಾರಂತೆ. ಅದೇ ರೂಢಿ ಆಗಿದೆ. ನೀವು ಪ್ರೆಸ್ ಶಾಪಲ್ಲಿ ಕೆಲಸ ಮಾಡೋದಂತೆ, ಆ ಸದ್ದಿಗೆ ಕಿವೀಗೆ ಇಯರ್‌ಪ್ಲಗ್ ಹಾಕ್ತೀರಾ?"

"ಹಾಕಿಸ್ತೀನಿ ಮೇಡಂ."

"ನೀವು?"

"...ಬೇರೆಯವರಿಗೆ ಹಾಕಿಸ್ತೀನಿ."

ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಮಗಳಿಗೆ ಏನೂ ಇಲ್ಲ! ಡಿಫೆಕ್ಟ್ ಇದ್ದದ್ದು ಇನ್‌ಸ್ಪೆಕ್ಟರಿನಲ್ಲಿ! ನನಗೆಷ್ಟು ಹಗುರವಾಯಿತೆಂದರೆ, ನನ್ನ ಕಿವಿ ಪರೀಕ್ಷೆಗೆ ಚೀಟಿ ಬರೆದುಕೊಟ್ಟ ಡಾಕ್ಟರಿಗೆ ಬಹುಮಾನ ಬಂದವನಂತೆ ಕೈಮುಗಿದೆ.

ಕಿವಿಗೆ ಮೆಷಿನ್ನು ಬಂತು. ಮಗಳ ಕಿರುಚಾಟ ದಿನದಿನಕ್ಕೆ ಇಳಿಯಿತು. ಈಗ ಅವಳ ಪಕ್ಕ ಒಂದು ಹುಡುಗಿ ಖುಷಿಯಿಂದ ಕೂರುತ್ತಾಳೆ, ಇಬ್ಬರೂ ವಿಪರೀತ ಗುಸುಗುಸು ಮಾಡುತ್ತಾರೆಂದು ಟೀಚರ ಹೊಸ ದೂರು. ಕೇಳಿ ನನಗೆ ಕಣ್ತುಂಬಿ ಬಂತು.

ಆದರೆ ಮೆಷಿನ್ನು ಹಾಕಿಕೊಂಡ ಮೊದಲ ಸಂಜೆಯದೇ ಒಂದು ಮಾತಿದೆ. ನಾನು ಸೋಫಾದಲ್ಲಿದ್ದೆ. ನನ್ನ ಪಕ್ಕದಲ್ಲೇ ಬೀನ್ಸ್ ಮುರಿಯುತ್ತಾ ಶೈಲಾ ಮಗಳಿಗೆ, "ನಿಮ್ಮಪ್ಪಂಗೆ ಫ್ಯಾಕ್ಟ್ರೀಲಿ ಯಾರು ಸಂಬಳ ಕೊಡ್ತಾರೋ ಕಣೇ, ಆ ಶಿವನಿಗೇ ಗೊತ್ತು" ಎಂದಳು. ಎಷ್ಟು ನಿರಾಳವಾಗಿ ಹೇಳಿದಳೆಂದರೆ, ವರ್ಷಗಟ್ಟಲೆಯ ಅಭ್ಯಾಸವೆಂದು ಗೊತ್ತಾಗುವಂತಿತ್ತು.

"ಕೇಳಿಸ್ತು" ಎಂದೆ.

ಶೈಲಾ ಮುರಿದ ಬೀನ್ಸನ್ನೇ ಮತ್ತೆ ಮುರಿಯತೊಡಗಿದಳು. ಆಮೇಲೆ ಮಗಳು ಅಮ್ಮನ ಕಿವಿಯ ಹತ್ತಿರ ಬಾಯಿಟ್ಟು, ಜೀವಮಾನದಲ್ಲೇ ಅತಿ ಮೆಲುದನಿಯಲ್ಲಿ ಹೇಳಿದಳು: "ಅಮ್ಮಾ, ಇನ್ಮೇಲೆ ಬಾಲ್ಕನೀಲಿ ಬೈಯೋಣ."

ಅದೂ ಕೇಳಿಸಿತು!