ಪಾಯಸಕ್ಕೆ ಮೊದಲೇ ಕರಗಿದ ಪಂಕ್ತಿ

‘ನನಗೆ ಗೊತ್ತಿಲ್ಲ’ ಎನ್ನುವ ಮಾತು ನನ್ನ ಬಾಯಿಗೆ ಒಗ್ಗಿದ್ದಲ್ಲ. ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟು ಕೊಳ್ಳೇಗಾಲದ ನಮ್ಮ ಮನೆಯ ಮಗ್ಗದ ಗುಂಡಿಗೆ ಇಳಿದವನು ನಾನು. ಅಂದಿನಿಂದ ಕೈಗೂ ಕಾಲಿಗೂ ಪುರಸೊತ್ತಿಲ್ಲ; ಬಿಡುವಾಗಿರುವುದು ಬಾಯಿ ಒಂದೇ. ಹಾಗಾಗಿ ಬೋರ್‌ವೆಲ್ ಎಲ್ಲಿ ಕೊರೆಸಬೇಕು, ಹನೂರಿನ ಬಸ್ಸು ಯಾಕೆ ತಡ, ಎದುರುಮನೆಯವರ ಮಿಕ್ಸಿ ಯಾಕೆ ಕೆಟ್ಟಿತು ಎಂಬುದಕ್ಕೆಲ್ಲ ತೀರ್ಪು ಕೊಡುವುದು ಅದರ ಪಾಲಿಗೆ ಬಂದಿದೆ. ಇಂಥ ಬಾಯಿ ತಡವರಿಸಿದ್ದು ಮಗಳು ಗಿರಿಜಳ ಓದಿನ ಮುಂದೆ.

ಅವಳು ಮೈಸೂರಿನಲ್ಲಿ ಫಿಸಿಕ್ಸ್ ಎಂ.ಎಸ್ಸಿ. ಮುಗಿಸಿದಳು. ಸಂಶೋಧನೆಗೆ ಸೀಟೂ ಸಿಕ್ಕಿತು. ವಿಷಯ ‘ಸ್ಮೆಕ್ಟಿಕ್’ ಎಂಬ ದ್ರವ ಹರಳು. ಅದು ದ್ರವವೂ ಹೌದಂತೆ, ಹರಳೂ ಹೌದಂತೆ. ಆದರೆ ಸೋದರಮಾವ ಹೂಂ ಅನ್ನದೆ ನಮ್ಮಲ್ಲಿ ಹೆಣ್ಣುಮಕ್ಕಳ ಯಾವ ಕೆಲಸವೂ ಮುಂದಕ್ಕೆ ಹೋಗುವುದಿಲ್ಲ. ಅವಳ ಸೋದರಮಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಮಗ್ಗ ಬಿಟ್ಟು ಮಾಂಬಳ್ಳಿಯಲ್ಲಿ ಜಮೀನು ಹಿಡಿದ ಮನುಷ್ಯ. ಫೋನಿನಲ್ಲೇ ಗುಡುಗಿದರು: “ಇನ್ನೂ ಐದು ವರ್ಸ ಓದಕ್ಕೆ ಅದೇನ್ಲಾ ಐತೆ ಅದ್ರಲ್ಲಿ? ನಮ್ಮನೆ ಗೃಹಪ್ರವೇಶಕ್ಕೆ ಬತ್ತೀಯಲ್ಲ, ಬುಡಿಸಿ ಅರ್ಥ ಮಾಡ್ಸು. ಅರ್ಥ ಆದ್ರೆ ಕಳ್ಸು, ಆಗ್ದಿದ್ರೆ ಗಂಡು ನೋಡು.”

“ನಾನೇ ಮಾವಂಗೆ ಹೇಳ್ತೀನಿ ಬುಡಪ್ಪ” ಅಂದಳು ಗಿರಿಜ.

“ಅಪ್ಪ ಇರುವಾಗ ನೀನ್ಯಾಕೆ? ಮೊದ್ಲು ನಂಗೆ ಹೇಳ್ಕೊಡು, ಮಿಕ್ಕಿದ್ದು ನಂಗೆ ಬುಡು.”

ಬಚ್ಚಲಿನಿಂದ ಸೋಪಿನ ಡಬ್ಬಿ ತಂದು, ತಳದ ಲೋಳೆ ತೋರಿಸಿ, ಇದೂ ಆ ಜಾತಿಯದೇ ಎಂದಳು. “ಸೋಪಿನ ವಿಷ್ಯ ನಂಗೇ ಹೇಳ್ಕೊಡ್ತೀಯೇನಮ್ಮಾ? ಮೂವತ್ತು ವರ್ಷದಿಂದ ಸೋಪಿನ ನೀರಲ್ಲಿ ರೇಷ್ಮೆ ಬೇಯ್ಸಿ ಅಂಟು ಬುಡಿಸ್ತಿರೋನು ನಾನು!” ಅವಳು ನಗದೆ ಮುಂದುವರಿಸಿದಳು. ಅದರ ಅಣುಗಳು ಕಡ್ಡಿಗಳ ಹಾಗಂತೆ. ಎಲ್ಲವೂ ಒಂದೇ ಕಡೆ ಮುಖಮಾಡಿ ಸಾಲು ಸಾಲಾಗಿ ನಿಂತಿರುತ್ತವಂತೆ. ತಮ್ಮ ಸಾಲಿನೊಳಗೆ ಸರಿದಾಡುತ್ತವೆ, ಪಕ್ಕದ ಸಾಲಿಗೆ ಮಾತ್ರ ಸುಲಭಕ್ಕೆ ಹೋಗುವುದಿಲ್ಲ. ಕಾಯಿಸಿದರೆ ಮೊದಲು ಸಾಲು ಒಡೆಯುತ್ತದೆ, ಮುಖ ಮಾತ್ರ ಒಂದೇ ಕಡೆ ಇರುತ್ತದೆ. ಇನ್ನೂ ಕಾಯಿಸಿದರೆ ಅದೂ ಹೋಗಿ ಬರೀ ಎಣ್ಣೆಯಂಥ ದ್ರವ.

“ಪಂಕ್ತಿ ಊಟ ಅನ್ನು!” ಅಂದೆ.

ಗಿರಿಜ ಚಪ್ಪಾಳೆ ತಟ್ಟಿದಳು. ನಾನು ಕೆಟ್ಟಿದ್ದು ಆ ಚಪ್ಪಾಳೆಯಿಂದಲೇ.

ಗೃಹಪ್ರವೇಶದ ದಿನ ಶಾಮಿಯಾನದಲ್ಲಿ ಜಾಗ ಇಕ್ಕಟ್ಟು. ನಾಲ್ಕು ಸಾಲೂ ಅಡುಗೆಮನೆಯ ಕಡೆಗೇ ಮುಖಮಾಡಿ ಕೂತಿದ್ದವು. ದೇವರೇ ನನಗಾಗಿ ಎಲೆ ಹಾಕಿಸಿದಂತಿತ್ತು. ಮೊದಲ ಸಾಲಿನಲ್ಲಿ ನಾನು, ಪಕ್ಕದಲ್ಲಿ ಭಾವ, ಹಿಂದಿನ ಸಾಲಿನಲ್ಲಿ ಗಿರಿಜ. ಹುಳಿಯನ್ನದ ಹೊತ್ತಿಗೆ ಶುರು ಮಾಡಿದೆ. “ಸರ್ಕಳ್ರಪ್ಪ ಅಂದ್ರೆ ಸಾಲಲ್ಲೇ ಸರಿತೀವಿ. ಎಲೆ ಎತ್ಕಂಡು ಹಿಂದಿನ ಸಾಲಿಗೆ ಹೋಗ್ತೀವಾ ಭಾವ?”

“ಎಲ್ಲಾರ ಉಂಟಾ!” “ಗಿರಿಜನ ಹರಳಿನ ಕಡ್ಡಿಗಳೂ ಹಂಗೇ ಭಾವ” ಅಂದೆ.

ಅಷ್ಟರಲ್ಲಿ ಬಲಮೂಲೆಯಲ್ಲಿ ಪಾಯಸದ ಬಕೆಟ್ಟು ಕಂಡಿತು. ಎಲ್ಲ ಮುಖಗಳೂ ಆ ಕಡೆಗೆ ತುಸು ವಾಲಿದವು. “ಸಾಲು ಹಂಗೇ ಇದ್ದು ಕಡ್ಡಿಗಳೆಲ್ಲ ಹಿಂಗೇ ವಾಲೋ ಒಂದು ಬಗೆನೂ ಐತಂತೆ, ನೋಡಿ!” ಅಂದೆ. ಭಾವ ತಲೆದೂಗಿದರು. “ಭೇಷ್ ಕಣ್ಲಾ. ಕಾಯ್ಸುದ್ರೆ ಏನಾಯ್ತದೆ?”

ಕೂತೇ ಹೇಳಬಹುದಿತ್ತು. ಆದರೆ ಮಗಳ ಚಪ್ಪಾಳೆ ಇನ್ನೂ ಕಿವಿಯಲ್ಲಿತ್ತು. “ಈಗ ಒಬ್ಬ ಹಿಂಗೆ ಎದ್ದ ಅನ್ಕಳಿ...” ಎನ್ನುತ್ತಾ ಎದ್ದು ನಿಂತೆ.

ಎಲ್ಲರ ಊಟ ಮುಗಿಯುವವರೆಗೆ ಪಂಕ್ತಿಯಲ್ಲಿ ಯಾರೂ ಏಳುವಂತಿಲ್ಲ. ಮನೆಯವರ ಪೈಕಿ ದೊಡ್ಡವನೊಬ್ಬ ಎದ್ದರೆ ಯಾರೂ ಕೂರುವಂತಿಲ್ಲ. ಎದ್ದವನು ನಾನು, ಮನೆಯೊಡೆಯನ ತಂಗಿಯ ಗಂಡ. ಆ ಕಡೆಯ ಅಜ್ಜ ಎಲೆ ಮಡಿಸಿ ಎದ್ದ. ಅವನ ಪಕ್ಕದವನು ಎದ್ದ. ಕಣ್ಣು ಮಿಟುಕಿಸುವಷ್ಟರಲ್ಲಿ ನಾಲ್ಕು ಸಾಲೂ ಕಲಸಿಹೋದವು. ಮುಖಗಳು ಮಾತ್ರ ಇನ್ನೂ ಬಕೆಟ್ಟಿನ ಕಡೆಗೇ! ಆಮೇಲೆ ಕೈ ತೊಳೆಯಲು ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಹೋದರು. ಪಾಯಸದವನು ಸೌಟು ಎತ್ತಿದಂತೆಯೇ ನಿಂತಿದ್ದ. ಇಷ್ಟು ಕರಾರುವಾಕ್ಕಾದ ಪ್ರಯೋಗ ಮಗಳ ಕಾಲೇಜಿನಲ್ಲೂ ನಡೆದಿರಲಿಕ್ಕಿಲ್ಲ.

ಹುಳಿ ಮೆತ್ತಿದ ಕೈಯಲ್ಲೇ ಭಾವ ಹಿಂದಕ್ಕೆ ತಿರುಗಿದರು. ಗಿರಿಜ ತಲೆ ತಗ್ಗಿಸಿ ತನ್ನ ಎಲೆ ಮಡಿಸುತ್ತಿದ್ದಳು. “ಅವ್ವಾ, ನಿನ್ನ ಆ ಕಡ್ಡಿಗಳು ತಣ್ಣಗಾದ್ರೆ ಮತ್ತೆ ಸಾಲು ಕಟ್ತವಾ?”

“ಕಟ್ತವೆ ಮಾವ. ಹೆಂಗಿದ್ವೋ ಹಂಗೇ.”

“ಅಂಗಾದ್ರೆ ನಿಮ್ಮಪ್ಪಂಗಿಂತ ಅವೇ ವಾಸಿ. ಇಲ್ಲಿ ಎದ್ದೋರು ತಿರ್ಗಾ ಎಲೆ ಮುಂದೆ ಕೂರಂಗಿಲ್ಲ. ನೀನು ಓಗಿ ಓದವ್ವ. ನೀನು ಓದ್ದಿದ್ರೆ ಇವ್ನೇ ಊರೂರ್ ಮೇಲೆ ಪಾಠ ಮಾಡ್ಕಂಡು ಓಯ್ತಾನೆ!”

ಗಿರಿಜ ಈಗ ಹಾಸ್ಟೆಲಿನಲ್ಲಿದ್ದಾಳೆ. ಅಗರದಲ್ಲಾಗಲಿ ಬಂಡಳ್ಳಿಯಲ್ಲಾಗಲಿ, ನೆಂಟರ ಮನೆಯಲ್ಲಿ ಊಟಕ್ಕೆ ಕೂತರೆ ಅಕ್ಕಪಕ್ಕದವರು ನನ್ನ ತೊಡೆಯ ಮೇಲೆ ಒಂದೊಂದು ಕೈ ಇಟ್ಟುಕೊಂಡೇ ಉಣ್ಣುತ್ತಾರೆ. ಎಲೆಗೆ ಉಪ್ಪು ಬೀಳುವ ಮುಂಚೆ ನನಗೊಬ್ಬನಿಗೆ ಪಾಯಸ ಬಡಿಸುತ್ತಾರೆ. ಅದು ಹೆಣ್ಣು ಮಗಳನ್ನು ಅಷ್ಟು ಓದಿಸಿದ್ದಕ್ಕೆ ಮರ್ಯಾದೆಯೋ, ಬರೀ ಮುಂಜಾಗ್ರತೆಯೋ? ನಿಜ ಹೇಳಬೇಕೆಂದರೆ, ನನಗೆ ಗೊತ್ತಿಲ್ಲ.