ಕೊರಿಯನ್ ಸಿನಿಮಾದ ಕಥೆ ಹೇಳಿದ್ದು

ಮನೆಯಲ್ಲಿ ತಮ್ಮ ಮಾತಿಗೆ ಬೆಲೆಯಿಲ್ಲವೆಂದು ಗೊಣಗುವ ಗಂಡಂದಿರನ್ನು ಕಂಡರೆ ನನಗೆ ಅಯ್ಯೋ ಪಾಪ ಅನಿಸುತ್ತಿತ್ತು. ನನ್ನ ಮಾತಿಗೆ ಬೆಲೆಯಿತ್ತು, ಸಿನಿಮಾದ ಕಥೆ ಹೇಳುವಾಗ ಮಾತ್ರ. ಮನೆ ಕೊಳ್ಳುವುದರಿಂದ ಹಿಡಿದು ಕಾರಿನ ಟೈರಿಗೆ ಗಾಳಿ ತುಂಬಿಸುವವರೆಗೆ ಯಾವುದಕ್ಕೂ ನನ್ನ ಸಲಹೆ ಕೇಳದ ನನ್ನ ಹೆಂಡತಿ ಸುಮಿತ್ರಾ, ಅಪ್ಪಟ ಧಾರವಾಡದವಳು, ಥಿಯೇಟರಿನ ಎಸಿಗೆ ತಲೆನೋವು ಬರುತ್ತದೆಂದು ಸಿನಿಮಾಕ್ಕೆ ಬರುವುದಿಲ್ಲ. ನಾನು ನೋಡಿ ಬಂದು ಹೇಳಬೇಕು, ಅವಳು ಚಪಾತಿ ಲಟ್ಟಿಸುತ್ತ ಕೇಳಬೇಕು. ಅಮೆರಿಕದ ಪಾರ್ಸಿಪನಿಯ ನಮ್ಮ ಅಡುಗೆಮನೆಯಲ್ಲಿ ಇದು ಮದುವೆಯಾದಾಗಿನಿಂದ ನಡೆದುಬಂದ ಪದ್ಧತಿ. ನಾನು ಸ್ವಲ್ಪ ಒಗ್ಗರಣೆ ಹಾಕುತ್ತೇನೆ, ಅದು ಬೇರೆ ಮಾತು.

ಸಿನಿಮಾ ಓದುತ್ತಿರುವ ನಮ್ಮ ಮಗಳು ನಿಧಿ ಕಳೆದ ವರ್ಷ ಒಂದು ಶನಿವಾರ ನನ್ನನ್ನು ಮ್ಯಾನ್‌ಹಟನ್ನಿಗೆ ಕರೆದುಕೊಂಡು ಹೋದಳು. ಕೊರಿಯನ್ ಸಿನಿಮಾ. ಒಬ್ಬ ನಿರ್ದೇಶಕ ಗೋಡೆಗೆ ಮುಖ ಮಾಡಿ ಕೂತು ಮೀನು ಮಾರುವವಳ ಕಥೆ ಶುರು ಮಾಡಿದ. ಸರಿ, ಬರಲಿ ಎಂದು ನೆಟ್ಟಗೆ ಕೂತೆ. ಅಷ್ಟರಲ್ಲಿ ಕ್ಯಾಮೆರಾ ಹಿಂದಕ್ಕೆ ಸರಿದು, ಅವನನ್ನು ಚಿತ್ರೀಕರಿಸುತ್ತಿರುವ ಇನ್ನೊಬ್ಬ ನಿರ್ದೇಶಕ ಕಾಣಿಸಿದ. ಅವನೂ ಅದೇ ಕಥೆಯನ್ನು ಮೊದಲಿಂದ ಶುರು ಮಾಡಿದ! ಆಮೇಲೆ ಪರದೆ ಪೂರ್ತಿ ಕಪ್ಪಾಯಿತು. ನಾನು ಊರಿನ ಟಾಕೀಸಿನಲ್ಲಿ ಬೆಳೆದವನು, ಪರದೆ ಕಪ್ಪಾದರೆ ಕೈ ತಾನಾಗಿ ಬಾಯಿಗೆ ಹೋಗುತ್ತದೆ. ಶಿಳ್ಳೆ ಹೊಡೆದೇಬಿಟ್ಟೆ. ಇಡೀ ಥಿಯೇಟರು ನನ್ನತ್ತ ತಿರುಗಿತು. "ಅಪ್ಪಾ, ಸ್ಟಾಪ್! ಇಟ್ಸ್ ಪಾರ್ಟ್ ಆಫ್ ದ ಫಿಲ್ಮ್!" ಎಂದು ನಿಧಿ ನನ್ನ ಕೈ ಹಿಡಿದು ಎಳೆದಳು.

ವಾಪಸು ಬರುವಾಗ ಮೆಲ್ಲಗೆ ಕೇಳಿದೆ, "ಕಥೆ ಏನೇ ಅದು?"

"ದೇರ್ ಈಸ್ ನೋ ಸ್ಟೋರಿ, ಅಪ್ಪಾ. ದಟ್ಸ್ ದ ಪಾಯಿಂಟ್."

ಕಥೆಯೇ ಇಲ್ಲದಿದ್ದರೆ ಸುಮಿತ್ರಾಗೆ ಏನು ಹೇಳಲಿ? ಮನೆಯಲ್ಲಿ ನನಗಿದ್ದ ಒಂದೇ ಒಂದು ಮರ್ಯಾದೆಯೂ ಹೋಯಿತಲ್ಲ!

ಮನೆಗೆ ಬಂದರೆ ಲಟ್ಟಣಿಗೆ ಸಿದ್ಧವಾಗಿತ್ತು. "ಹೆಂಗಿತ್ರೀ? ಹೇಳ್ರಿ, ಹಿಟ್ಟು ನಾದಿಟ್ಟೀನಿ."

ದೇವರ ಮೇಲೆ ಭಾರ ಹಾಕಿ ಶುರು ಮಾಡಿದೆ. ಒಬ್ಬ ಬಡ ನಿರ್ದೇಶಕ, ಅವನ ಹೆಂಡತಿ ಮೀನು ಮಾರುವವಳು. ಗಂಡನ ಸಿನಿಮಾಕ್ಕಾಗಿ ಬಳೆ ಮಾರುತ್ತಾಳೆ, ಮಳೆಯಲ್ಲಿ ನೆನೆಯುತ್ತಾಳೆ, ಜ್ವರ ಬಂದು ಇಂಟರ್ವಲ್ಲಿಗೆ ಮುಂಚೆ ಅವನ ತೊಡೆಯ ಮೇಲೆಯೇ ಪ್ರಾಣ ಬಿಡುತ್ತಾಳೆ. ಹೇಳುತ್ತ ಹೇಳುತ್ತ ನಾನೇ ಕಣ್ಣೊರೆಸಿಕೊಂಡೆ.

"ಅಮ್ಮಾ, ನನ್ ಆಫ್ ದಟ್ ಹ್ಯಾಪನ್ಡ್!" ಸೋಫಾದಿಂದ ನಿಧಿ ಕೂಗಿದಳು.

ಸುಮ್ಮನಿರೆಂದು ನಾನು ಅವಳಿಗೆ ಕಣ್ಸನ್ನೆ ಮಾಡಿದೆ. ಸುಮಿತ್ರಾ ಮಾತ್ರ ಚಪಾತಿ ತಿರುವಿ ಹಾಕಿದಳು. "ನಂಗ ಗೊತ್ತದ ತಗೋ. ನಿಮ್ಮಪ್ಪ ಹೇಳಿದ ಸಿನಿಮಾ ಎಲ್ಲಾ ನಾ ಆಮ್ಯಾಲೆ ಫೋನಿನ್ಯಾಗ ನೋಡ್ತೀನಿ. ಒಂದೂ ಹೊಂದಂಗಿಲ್ಲ."

"ಗೊತ್ತಿದ್ದೂ ಯಾಕೆ ಕೇಳ್ತಿದ್ದೆ ಮಾರಾಯ್ತಿ?"

"ಅವಕ್ಕಿಂತ ನಿಮ್ಮವ ಛಲೋ ಇರ್ತಾವ, ಅದಕ್ಕ. ಆದ್ರ ಒಂದು ಖರೇ ಹೇಳ್ರಿ. ಇಷ್ಟು ವರ್ಷದಾಗ ನಿಮ್ಮ ಒಂದ್ ಕಥಿಯೊಳಗೂ ಹೀರೋನ ಹೆಂಡತಿ ಇಂಟರ್ವಲ್ ದಾಟಿಲ್ಲಲ್ಲ, ಯಾಕ್ರಿ?"

"ಓ ಮೈ ಗಾಡ್, ಅಪ್ಪಾ!" ಎಂದಳು ನಿಧಿ.

ನಾನು ಬಿಸಿ ಚಪಾತಿಯೊಂದನ್ನು ಎತ್ತಿ ಬಾಯಿಗೆ ತುರುಕಿಕೊಂಡೆ. ಈ ಸಂಗತಿ ಅಲ್ಲಿಯವರೆಗೆ ನನಗೇ ಗೊತ್ತಿರಲಿಲ್ಲ. ಅಂದಿನಿಂದ ನನ್ನ ಯಾವ ಕಥಾನಾಯಕನಿಗೂ ನಾನು ಮದುವೆ ಮಾಡಿಸಿಲ್ಲ. ಅದನ್ನೂ ಸುಮಿತ್ರಾ ಗಮನಿಸಿದ್ದಾಳೆ.