ಹದಿನಾರು ಜನರ ದಾಖಲೆಗಳಿಂದ ನನ್ನ ರಕ್ತವನ್ನು ವಾಪಸು ಪಡೆಯುವ ಬಗ್ಗೆ

ಇಂದ,
ಪಂಪೇಶ್, ತಂದೆ ಮೂಕಣ್ಣ, ವಯಸ್ಸು 43,
ರಾತ್ರಿ ಪಾಳಿಯ ಕಾವಲುಗಾರ (ಅಕ್ಕಿ ಗಿರಣಿ),
ಹಮಾಲರ ಓಣಿ, ಕಂಪ್ಲಿ.

ಗೆ,
ಡಾ. ಸೌಜನ್ಯ ಅವರು,
ಮುಖ್ಯಸ್ಥರು, ದೀರ್ಘಕಾಲದ ಕಾಯಿಲೆಗಳ ದಾಖಲೆ ಅಧ್ಯಯನ ಘಟಕ,
ಹೊಸಪೇಟೆ.

ದಿನಾಂಕ: 18-09-2025, ಗುರುವಾರ, ಬೆಳಿಗ್ಗೆ 8-40

ವಿಷಯ: ನನ್ನ ಹೆಂಡತಿ ಎರ್ರೆಮ್ಮ ಮತ್ತು ಇತರ ಹದಿನೈದು ಜನರ ಆರೋಗ್ಯ ದಾಖಲೆಯಲ್ಲಿರುವ ನನ್ನ ರಕ್ತ, ರಕ್ತದೊತ್ತಡ, ಎತ್ತರ ಹಾಗೂ ಸೊಂಟವನ್ನು ರದ್ದುಪಡಿಸಿ, ಸದರಿ ಹೆಂಡತಿಯನ್ನು ಪಾದದ ವೈದ್ಯರಿಗೆ ಇಂದೇ ತೋರಿಸಲು ಅನುಮತಿ ಕೋರಿ.

ಉಲ್ಲೇಖ: 1) ತಮ್ಮ ಘಟಕದಿಂದ ಬಂದ ಹಸಿರು ಹಾಳೆ. 2) ಕಳೆದ ಗುರುವಾರ ತಮ್ಮ ಗುಮಾಸ್ತರು ನನ್ನನ್ನು ಬೈದದ್ದು (ಮೌಖಿಕ). 3) ನನ್ನ ಹತ್ತು ಬೆರಳುಗಳು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಮ್ಮ ಅಧ್ಯಯನದಲ್ಲಿ ಹಮಾಲರ ಓಣಿಯ ಹದಿನೇಳು ಆರೋಗ್ಯವಂತರು ಎಂದು ನಮೂದಾಗಿರುವವರು ವಾಸ್ತವವಾಗಿ ಒಬ್ಬನೇ ಆಗಿದ್ದು, ಸದರಿ ಒಬ್ಬನು ಈ ಅರ್ಜಿದಾರನಾಗಿರುತ್ತಾನೆ. ಇದು ಹೇಗಾಯಿತೆಂಬುದನ್ನು ಈ ಕೆಳಗೆ ಕ್ರಮವಾಗಿ ವಿವರಿಸಿದೆ. ನಮ್ಮ ಓಣಿಯವರ ಅರ್ಜಿಗಳನ್ನೆಲ್ಲ ಬರೆಯುವುದು ನಾನೇ ಆದ ಕಾರಣ ಭಾಷೆಯಲ್ಲಿ ತಪ್ಪಿರಲಾರದು. ತಪ್ಪೆಲ್ಲ ಸಂಗತಿಯಲ್ಲೇ ಇದೆ.

1. ಅರ್ಜಿದಾರನು ರಾತ್ರಿ ಎಂಟರಿಂದ ಬೆಳಗಿನ ಆರರವರೆಗೆ ಗಿರಣಿ ಕಾಯುತ್ತಾನೆ. ಏಳಕ್ಕೆ ಮನೆಗೆ ಬಂದು ಮಲಗುತ್ತಾನೆ. ಅದೇ ಏಳಕ್ಕೆ ಓಣಿಯ ಉಳಿದವರೆಲ್ಲ ಕೆಲಸಕ್ಕೆ ಹೊರಡುತ್ತಾರೆ: ಹೆಂಗಸರು ಗದ್ದೆಗೆ, ಗಂಡಸರು ಹಮಾಲಿಗೆ, ವಯಸ್ಸಾದವರು ಸೊಪ್ಪು ಮಾರಲು ಪೇಟೆಗೆ, ಹರೆಯದವರು ತೋರಣಗಲ್ಲಿನ ಕಾರ್ಖಾನೆಯ ಬಸ್ಸಿಗೆ. ಆದಕಾರಣ ಬೆಳಿಗ್ಗೆ ಹನ್ನೊಂದು ಗಂಟೆಗೆ ನಮ್ಮ ಆರು ಮನೆಗಳಲ್ಲಿ ಮೈಯಲ್ಲಿ ರಕ್ತವಿದ್ದು ಕೈಗೆ ಸಿಗುವ ಜೀವಗಳೆಂದರೆ ನಾನು ಮತ್ತು ಪಾಲಪ್ಪನ ಎಮ್ಮೆ. ಆರೋಗ್ಯ ಕಾರ್ಯಕರ್ತೆ ಅನುಸೂಯಾ ಅವರು ಸಕ್ಕರೆ ಪರೀಕ್ಷೆಯ ಯಂತ್ರ ಹಿಡಿದು ಬರುವುದು ಸರಿಯಾಗಿ ಹನ್ನೊಂದಕ್ಕೆ. ಎಮ್ಮೆಗೆ ಆಧಾರ್ ಇಲ್ಲ.

2. ಎರಡು ವರ್ಷದ ಹಿಂದೆ ಅವರು ಮೊದಲ ಸಲ ಬಂದಾಗ ನಡೆದ ಮಾತುಕತೆಯನ್ನು ತಮ್ಮ ಅವಗಾಹನೆಗಾಗಿ ಇಲ್ಲಿ ನಮೂದಿಸಿದೆ.

“ಪಂಪಣ್ಣ, ಏಳ್ರಿ. ಎರ್ರೆಮ್ಮಕ್ಕನ ಬೆರಳು ಬೇಕಿತ್ತು.”

“ಆಕಿ ನಾಟಿ ಹಚ್ಚಾಕ ಹೋಗ್ಯಾಳ. ಸಂಜಿಗೆ ಬರ್ರಿ.”

“ಸಂಜಿಗೆ ಮಿಷನ್ ವಾಪಸ್ ಕೊಡಬೇಕ್ರಿ. ಎರಡು ಗಂಟಿ ಒಳಗ ಆ್ಯಪ್‌ನ್ಯಾಗ ಹಾಕಬೇಕು. ನನ್ನ ಪಾಲಿಗೆ ಸಾವಿರದ ಇನ್ನೂರು ಮಂದಿ ಅದಾರ.”

“ಹಂಗಾದ್ರ ನನ್ನ ಬೆರಳು ತಗೋರಿ. ರೇಷನ್ ಅಂಗಡ್ಯಾಗ ನಾನು ಒಬ್ಬಾತ ಹೆಬ್ಬಟ್ಟು ಒತ್ತಿದ್ರ ಮನಿ ಮಂದಿದೆಲ್ಲ ಅಕ್ಕಿ ಬರತೈತಿ. ಇದೂ ಹಂಗ ಅಲ್ಲೇನು?”

ಅನುಸೂಯಾ ಅವರು ಕ್ಷಣ ಯೋಚಿಸಿದರು. ಬಿಸಿಲಿತ್ತು, ಯೋಚನೆ ಬೇಗ ಮುಗಿಯಿತು. ನಾನು ಕಂಬಳಿಯೊಳಗಿಂದ ಕೈ ಹೊರಗೆ ಚಾಚಿ ಮತ್ತೆ ನಿದ್ದೆ ಹೋದೆ.

ಸಂಜೆ ಈ ಸುದ್ದಿ ತಿಳಿದ ಪಕ್ಕದ ಮನೆಯ ಕೆಂಚಣ್ಣ ಬಂದ. ಬೆನ್ನ ಮೇಲೆ ಎರಡು ಚೀಲ ಹೊತ್ತು ಲಾರಿ ಹತ್ತುವ ಹಮಾಲ, ಸೂಜಿ ಕಂಡರೆ ಮಾತ್ರ ಓಣಿ ಬಿಟ್ಟು ಓಡುತ್ತಾನೆ. “ಲೇ ಪಂಪಾ, ನನ್ನದೂ ನೀನ ಕೊಟ್ಟುಬಿಡಲೇ. ನಿನಗ ಹೆಂಗೂ ರೂಢಿ ಆತಲ್ಲ” ಎಂದ. ಅವನ ಹಿಂದೆ ಕರೆಮ್ಮಜ್ಜಿ ಬಂದಳು. ಅವಳ ಹಿಂದೆ ಓಣಿ ಬಂತು. ಒಂದು ಮನೆಗೆ ಒಂದು ಬೆರಳು ಸಾಕಾಗುವುದಾದರೆ ಒಂದು ಓಣಿಗೆ ಒಬ್ಬ ಮನುಷ್ಯ ಏಕೆ ಸಾಕಾಗಬಾರದು ಎಂದು ಎಲ್ಲರೂ ಕೇಳಿದರು. ಮರುದಿನ ನಾನು ಅನುಸೂಯಾ ಅವರಿಗೂ ಅದನ್ನೇ ಕೇಳಿದೆ, ಅವರು ಇನ್ನೊಂದು ಸೂಜಿ ತೆಗೆದರು.

3. ಇಲ್ಲಿ ಅನುಸೂಯಾ ಅವರ ಪ್ರಾಮಾಣಿಕತೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂದೇ ಹನಿಯನ್ನು ಹದಿನೇಳು ಹೆಸರಿಗೆ ಬರೆದುಕೊಂಡು ಅವರು ಹೋಗಬಹುದಿತ್ತು. ಹಾಗೆ ಮಾಡಲಿಲ್ಲ. “ಹಂಗ ಮಾಡಿದ್ರ ಸುಳ್ಳು ಲೆಕ್ಕ ಆಕ್ಕೈತ್ರಿ” ಎಂದು ಪ್ರತಿಯೊಬ್ಬರ ಹೆಸರಿಗೂ ಬೇರೆಬೇರೆಯಾಗಿ, ಮೂರು ದಿನ ಬಂದು, ಹದಿನೇಳು ಸಲ ನನ್ನನ್ನು ಚುಚ್ಚಿದರು. ಕಿರುಬೆರಳು ಕರೆಮ್ಮಜ್ಜಿಗೆ, ಉಂಗುರದ ಬೆರಳು ಎರ್ರೆಮ್ಮನಿಗೆ, ಹೆಬ್ಬೆರಳು ದಪ್ಪವಿದೆಯೆಂದು ಕೆಂಚಣ್ಣನಿಗೆ. ರಕ್ತದೊತ್ತಡವನ್ನೂ ಹದಿನೇಳು ಸಲ ನೋಡಿದರು. ಟೇಪು ಹಿಡಿದು ಸೊಂಟ ಅಳೆದರು. ಆದಕಾರಣ ದಾಖಲೆಯ ಪ್ರಕಾರ ನಮ್ಮ ಓಣಿಯ ಏಳೂ ಹೆಂಗಸರ ಸೊಂಟ ಮೂವತ್ತೇಳು ಅಂಗುಲವಿದ್ದು, ಕೋಲೂರಿ ನೆಲ ನೋಡುತ್ತ ನಡೆಯುವ ಕರೆಮ್ಮಜ್ಜಿಯ ಎತ್ತರ ಐದಡಿ ಎಂಟಂಗುಲ ಇರುತ್ತದೆ. ಆರು ತಿಂಗಳಿಗೊಮ್ಮೆ, ಒಟ್ಟು ನಾಲ್ಕು ಸಲ ಇದು ನಡೆಯಿತು. ನನ್ನ ಸಕ್ಕರೆ ಒಮ್ಮೆಯೂ ನೂರ ಐದು ದಾಟಲಿಲ್ಲ. ಇದಕ್ಕಾಗಿ ನನಗೆ ಸ್ವಲ್ಪ ಜಂಬವೂ ಇತ್ತು. ಮರೆಮಾಚುವುದಿಲ್ಲ.

4. ಈ ವರ್ಷ ಜೂನ್‌ನಲ್ಲಿ ತಾವೇ ಖುದ್ದಾಗಿ ನಮ್ಮ ಓಣಿಗೆ ಬಂದಿರಿ. ಮೂರು ತಾಲೂಕಿನ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿ, ಯಾರಿಗೆ ಮುಂದೆ ಯಾವ ಕಾಯಿಲೆ ಬರಬಹುದೆಂದು ನೋಡುತ್ತಿರುವಾಗ ನಮ್ಮ ಓಣಿ ಎದ್ದು ಕಂಡಿತಂತೆ. ತಾವು ಬಂದದ್ದೂ ಹನ್ನೊಂದು ಗಂಟೆಗೇ.

“ಹದಿನೇಳು ಜನರಲ್ಲಿ ಒಬ್ಬರಿಗೂ ಶುಗರ್ ಇಲ್ಲ, ಬಿಪಿ ಇಲ್ಲ. ಇಂಥ ಓಣಿ ನಾನು ನೋಡಿಲ್ಲ. ಏನು ಊಟ ಮಾಡ್ತೀರಿ ನೀವೆಲ್ಲ?” ಎಂದು ಕೇಳಿದಿರಿ.

ಆಗಲೇ ನಿಜ ಹೇಳಿದ್ದರೆ ಈ ಅರ್ಜಿ ಬರೆಯಬೇಕಾಗಿರಲಿಲ್ಲ. ಆದರೆ ಮೇಡಂ, ಒಬ್ಬ ಡಾಕ್ಟರು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, ಪ್ರಶ್ನೆ ಕೇಳಿ, ನಾನು ಹೇಳಿದ್ದನ್ನು ಬರೆದುಕೊಂಡದ್ದು ಹುಟ್ಟಿದ ಮೇಲೆ ಅದೇ ಮೊದಲು. ತಲೆ ತಿರುಗಿತು. ಸಜ್ಜೆ ರೊಟ್ಟಿ, ಪುಂಡಿಪಲ್ಯ, ಹೊಳೆಯ ಗಾಳಿ, ಮನಸ್ಸಿನಲ್ಲಿ ಕಲ್ಮಶವಿಲ್ಲದಿರುವುದು ಎಂದು ಹೇಳಿದೆ. ಕಲ್ಮಶವನ್ನೂ ತಾವು ಬರೆದುಕೊಂಡಿರಿ. ಸತ್ಯಾಂಶವೇನೆಂದರೆ ಸದರಿ ಓಣಿಯವರು ದಿನವೂ ಸಂಜೆ ಮಿರ್ಚಿ ಮಂಡಕ್ಕಿ ತಿನ್ನುತ್ತಾರೆ, ಮೂರು ಸಲ ಸಕ್ಕರೆ ಸುರಿದ ಚಹಾ ಕುಡಿಯುತ್ತಾರೆ, ಮತ್ತು ಆರು ಮನೆಗಳಲ್ಲಿ ನಾಲ್ಕಕ್ಕೆ ಒಂದಕ್ಕೊಂದು ಮಾತಿಲ್ಲ.

ತಿಂಗಳೊಳಗೆ ಎಲ್ಲರ ಹೆಸರಿಗೂ ಹಸಿರು ಹಾಳೆ ಬಂತು: “ಮುಂದಿನ ಹತ್ತು ವರ್ಷಗಳ ಅಪಾಯ, ಅತಿ ಕಡಿಮೆ.” ಮಂಗಳವಾರ ಬರುತ್ತಿದ್ದ ತಪಾಸಣೆಯ ವ್ಯಾನು, ಇಲ್ಲಿ ರೋಗಿಗಳೇ ಇಲ್ಲವೆಂಬ ಕಾರಣದಿಂದ ಬೇರೆ ಓಣಿಗೆ ಹೋಯಿತು. ತಮ್ಮ ಲೆಕ್ಕದಲ್ಲಿ ದೋಷವಿದೆಯೆಂದು ಅರ್ಜಿದಾರನ ವಾದವಲ್ಲ. ಕಂಪ್ಯೂಟರು ಹದಿನೇಳು ಸಲ ನನ್ನನ್ನೇ ನೋಡಿ ನಾನು ಗಟ್ಟಿಮುಟ್ಟಾಗಿದ್ದೇನೆ ಎಂದು ಹೇಳಿದೆ. ಅದು ನಿಜ.

5. ಈಗ ನನ್ನ ಹೆಂಡತಿಯ ವಿಷಯ.

ಎರ್ರೆಮ್ಮನಿಗೆ ಒಂದು ವರ್ಷದಿಂದ ಬಾಯಾರಿಕೆ. ಗದ್ದೆಗೆ ಒಯ್ದ ಕೊಡದ ನೀರನ್ನು ಮಧ್ಯಾಹ್ನದೊಳಗೆ ಅವಳೊಬ್ಬಳೇ ಮುಗಿಸುತ್ತಾಳೆಂದು ಜೊತೆಯವರು ತಮಾಷೆ ಮಾಡುತ್ತಿದ್ದರು. ಅಂಗಾಲು ಉರಿಯುತ್ತದೆ ಎನ್ನುತ್ತಿದ್ದಳು. ಬರಬರುತ್ತ ಸೊರಗಿದಳು, ರವಿಕೆಗಳನ್ನು ಎರಡು ಸಲ ಬಿಗಿ ಹೊಲಿಸಿಕೊಂಡಳು. ಒಂದು ದಿನ ಆಸ್ಪತ್ರೆಗೆ ಹೋಗಿ ರಕ್ತ ತೋರಿಸಿಕೊಂಡು ಬರುತ್ತೇನೆ ಎಂದಾಗ, ಮನೆಯಲ್ಲಿ ಕಾಗದ ಪತ್ರ ಬಲ್ಲವನಾದ ನಾನು ಹಸಿರು ಹಾಳೆ ತೆಗೆದು ಅವಳ ಮುಂದೆ ಹಿಡಿದು, “ನೋಡು, ಕಂಪ್ಯೂಟರ್‌ನ್ಯಾಗ ನಿನ್ನ ಶುಗರ್ ತೊಂಬತ್ನಾಲ್ಕು ಐತಿ. ನಿನಗ ಏನೂ ಆಗಿಲ್ಲ” ಎಂದೆ.

ಅವಳು ಹಾಳೆಯನ್ನು ತಿರುಗಿಸಿ ನೋಡಿ, “ಕಂಪ್ಯೂಟರ್‌ನ್ಯಾಗ ಇರಾಕಿ ಆರಾಮ ಅದಾಳ ಬಿಡ್ರಿ. ಉರಿಯೋದು ನನಗ” ಎಂದಳು. ನಾನು ನಕ್ಕೆ.

ಆ ರಕ್ತ ನನ್ನದೆಂದು ನನಗೆ ಗೊತ್ತಿರಲಿಲ್ಲವೇ ಎಂದು ತಾವು ಕೇಳಬಹುದು. ಗೊತ್ತಿತ್ತು. ಆದರೆ ಅಚ್ಚಾಗಿ, ಸೀಲು ಬಿದ್ದು, ಹೊಸಪೇಟೆಯಿಂದ ಅವಳ ಹೆಸರಿಗೆ ಬಂದ ಮೇಲೆ ಅದು ಅವಳದೇ ಎಂದು ನನಗೂ ಅನ್ನಿಸಿಬಿಟ್ಟಿತ್ತು. ನಾನೇ ಕೊಟ್ಟ ಸುಳ್ಳನ್ನು ಸರ್ಕಾರಿ ಹಾಳೆಯ ಮೇಲೆ ಓದಿ ನಾನೇ ನಂಬಿದೆ. ಇದಕ್ಕಿಂತ ದೊಡ್ಡ ಮೂರ್ಖತನ ನಮ್ಮ ಓಣಿಯಲ್ಲಿ ಈವರೆಗೆ ದಾಖಲಾಗಿಲ್ಲ.

6. ಜುಲೈ ಕೊನೆಯಲ್ಲಿ ನಾಟಿ ಮಾಡುವಾಗ ಕೆಸರಿನಲ್ಲಿ ಏನೋ ಚುಚ್ಚಿ ಅವಳ ಬಲಗಾಲಿನ ಬೆರಳಿಗೆ ಗಾಯವಾಯಿತು. ಮಾಯಲಿಲ್ಲ. ಆರೋಗ್ಯ ಕೇಂದ್ರದಲ್ಲಿ ಪರದೆ ನೋಡಿ “ಶುಗರ್ ನಾರ್ಮಲ್” ಎಂದು ಮುಲಾಮು ಕೊಟ್ಟರು. ಆಗಸ್ಟಿನಲ್ಲಿ ಗಿರಣಿಯವರು ನನ್ನನ್ನು ಒಂದು ವಾರ ಹಗಲು ಪಾಳಿಗೆ ಹಾಕಿದರು. ಅದೇ ವಾರ ಅನುಸೂಯಾ ಅವರು ಐದನೇ ಸಲದ ತಪಾಸಣೆಗೆ ಬಂದರು. ಮನೆಯಲ್ಲಿ ನಾನಿಲ್ಲ, ಕಾಲು ನೋವೆಂದು ಎರ್ರೆಮ್ಮ ಇದ್ದಾಳೆ. ಎರಡು ವರ್ಷದಲ್ಲಿ ಮೊದಲ ಸಲ ಎರ್ರೆಮ್ಮನ ಹೆಸರಿಗೆ ಎರ್ರೆಮ್ಮನ ರಕ್ತ ತೆಗೆಯಲಾಯಿತು. ಯಂತ್ರದಲ್ಲಿ 386 ಬಂತು.

“ಮಿಷನ್ ಕೆಟ್ಟೈತಿ ಅಕ್ಕ” ಎಂದು ಅವರು ಇನ್ನೊಂದು ಬೆರಳು ಚುಚ್ಚಿದರು. 391 ಬಂತು. ಆಮೇಲೆ ಅನುಸೂಯಾ ಅವರು ಅವಳ ಕಾಲಿಗೆ ಕಟ್ಟಿದ ಬಟ್ಟೆ ನೋಡಿದರು, ಹೊಸ್ತಿಲ ಮೇಲೆ ಕುಳಿತು ಅತ್ತರು. ಎರ್ರೆಮ್ಮನೇ ಅವರಿಗೆ ನೀರು ತಂದುಕೊಟ್ಟು, “ಅಳಬ್ಯಾಡವ್ವಾ, ನಿನಗೇನು ಗೊತ್ತು. ನೀರಡಿಕಿ ನನಗ ಗೊತ್ತಿತ್ತು, ನಾನ ಸುಮ್ಮನಿದ್ದೆ” ಎಂದಳಂತೆ. ನನ್ನ ಹೆಸರನ್ನು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು.

7. ಅನುಸೂಯಾ ಅವರು 386ನ್ನು ಆ್ಯಪ್‌ಗೆ ಹಾಕಿದರು. ಹಿಂದಿನ ನಾಲ್ಕು ದಾಖಲೆಗಳಿಗೆ ತಾಳೆಯಾಗದ ಕಾರಣ ಅದನ್ನು “ಅಳತೆಯ ದೋಷ” ಎಂದು ತಮ್ಮ ಕಂಪ್ಯೂಟರು ತಿರಸ್ಕರಿಸಿತು. 391ನ್ನೂ ತಿರಸ್ಕರಿಸಿತು. ಹೀಗಾಗಿ ನನ್ನ ರಕ್ತವನ್ನು ನಾಲ್ಕು ಸಲ ಎರ್ರೆಮ್ಮನದೆಂದು ಸ್ವೀಕರಿಸಿದ ತಮ್ಮ ಘಟಕವು, ಎರ್ರೆಮ್ಮನ ರಕ್ತವನ್ನು ಎರ್ರೆಮ್ಮನದಲ್ಲವೆಂದು ಎರಡು ಸಲ ಹೊರಗೆ ಹಾಕಿದೆ.

8. ಆರೋಗ್ಯ ಕೇಂದ್ರದ ವೈದ್ಯರಿಗೆ ಎಲ್ಲವನ್ನೂ ಬಾಯಿಬಿಟ್ಟು ಹೇಳಿದೆ. ಬೈಯುವುದನ್ನು ಮುಗಿಸಿ, “ಮಾತ್ರೆ ನಾನು ಕೊಡ್ತೀನಿ. ಕಾಲು ಮಾತ್ರ ಹೊಸಪೇಟೆಯಲ್ಲೇ ತೋರಿಸ್ರಿ. ತಡ ಮಾಡಿದ್ರೆ ಬೆರಳು ಉಳಿಯಲ್ಲ” ಎಂದರು. ಗುರುವಾರಕ್ಕೊಮ್ಮೆ ತಮ್ಮ ಘಟಕದ ಕೆಳಗಿನ ಕೋಣೆಯಲ್ಲಿ ಪಾದದ ವೈದ್ಯರು ಕೂರುತ್ತಾರೆ. ಅಪಾಯ ಹೆಚ್ಚೆಂದು ಕೆಂಪು ಹಾಳೆ ಬಂದವರಿಗೆ ಮಾತ್ರ ಚೀಟಿ. ಕಳೆದ ಗುರುವಾರ ಬಂದೆವು. ತಮ್ಮ ಗುಮಾಸ್ತರಾದ ಶಂಭುಲಿಂಗ ಅವರು ಕಂಪ್ಯೂಟರ್ ನೋಡಿ, “ಹಸಿರು ಹಾಳಿ ಇದ್ದೋರು ಇಲ್ಲಿಗೆ ಯಾಕ ಬರ್ತೀರಿ? ನಿಮ್ಮಾಕಿಗೆ ರೋಗನ ಇಲ್ಲ” ಎಂದರು.

“ಕಾಲು ನೋಡ್ರಿ ಸಾಹೇಬ್ರ” ಎಂದೆ.

“ನಾನು ಕಾಲು ನೋಡಂಗಿಲ್ರಿ, ಲಿಸ್ಟ್ ನೋಡ್ತೀನಿ. ತಪ್ಪಿದ್ರ ಅರ್ಜಿ ಕೊಡ್ರಿ.”

ಆ ದಿನ ಬೆರಳಿನ ತುದಿ ಕಪ್ಪಾಗಿತ್ತು. ಈಗ ಅರ್ಧ ಬೆರಳು ಕಪ್ಪಾಗಿದೆ. ಅಂದು ಶಂಭುಲಿಂಗ ಅವರ ಮೇಲೆ ಬಂದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಆದರೆ ಅವರು ಕಳೆದ ಗುರುವಾರ ಮಾಡಿದ್ದನ್ನು ನಾನು ಮನೆಯಲ್ಲಿ ವಾರಗಟ್ಟಲೆ ಮಾಡಿದ್ದೇನೆ. ಎದುರಿಗಿದ್ದವಳನ್ನು ಬಿಟ್ಟು ಹಾಳೆ ನೋಡಿದ್ದೇನೆ. ನನಗೆ ಭಯವಾಗಿದೆ ಮೇಡಂ. ಬೆರಳು ಕೊಟ್ಟವನು ನಾನು, ಹೋಗುತ್ತಿರುವುದು ಅವಳದು.

ಆದ್ದರಿಂದ, ಮೇಲ್ಕಂಡ ಎಲ್ಲ ಕಾರಣಗಳಿಂದ, ತಾವು ದಯವಿಟ್ಟು,

(ಅ) ಸದರಿ ಎರ್ರೆಮ್ಮನಿಗೆ ಪಾದದ ವೈದ್ಯರ ಚೀಟಿಯನ್ನು ಇಂದೇ ಕೊಡಿಸಬೇಕು. ಉಳಿದ ಕೋರಿಕೆಗಳಿಗೆ ಸಾವಕಾಶವಾಗಿ ಉತ್ತರಿಸಿದರೂ ನಡೆಯುತ್ತದೆ.

(ಆ) ಹದಿನಾರು ದಾಖಲೆಗಳಿಂದ ನನ್ನನ್ನು ತೆಗೆದುಹಾಕಿ, ನನ್ನ ಒಂದರಲ್ಲಿ ಮಾತ್ರ ಉಳಿಸಬೇಕು. ಕಲ್ಮಶದ ಬಗ್ಗೆ ಬರೆದುಕೊಂಡದ್ದನ್ನೂ ಹೊಡೆದುಹಾಕಬೇಕು.

(ಇ) ಅನುಸೂಯಾ ಅವರ ಮೇಲೆ ಯಾವ ಕ್ರಮವನ್ನೂ ಕೈಗೊಳ್ಳಬಾರದು. ಬದಲಿಗೆ ಯಂತ್ರವನ್ನು ಅವರ ಬಳಿಯೇ ಇರಗೊಟ್ಟು, ಜನ ಮನೆಯಲ್ಲಿರುವ ಹೊತ್ತಿಗೆ, ಅಂದರೆ ಬೆಳಿಗ್ಗೆ ಏಳರೊಳಗೆ ಬರಲು ಅವರಿಗೆ ಅನುಕೂಲ ಮಾಡಿಕೊಡಬೇಕು.

(ಈ) ಉಳಿದ ಹದಿನೈದು ಜನರನ್ನು ಹೊಸದಾಗಿ ಪರೀಕ್ಷಿಸಬೇಕು. ವಿಶೇಷವಾಗಿ ಕೆಂಚಣ್ಣನನ್ನು. ಅವನೂ ಇತ್ತೀಚೆಗೆ ನೀರು ಬಹಳ ಕುಡಿಯುತ್ತಿದ್ದಾನೆ. ಸೂಜಿ ಚುಚ್ಚುವಾಗ ಅವನನ್ನು ಹಿಡಿದುಕೊಳ್ಳಲು ಮೂರು ಜನ ಬೇಕಾಗುತ್ತದೆ. ಅವರಲ್ಲಿ ಒಬ್ಬನಾಗಿ ನಾನು ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ (ಎಷ್ಟರ ಮಟ್ಟಿಗೆ ಎಂಬುದು ಕಲಂ 4 ಮತ್ತು 5ರಲ್ಲಿದೆ),

ಪಂಪೇಶ್
(ಸಹಿ ಹಾಗೂ ಹೆಬ್ಬೆಟ್ಟು ಎರಡೂ ನನ್ನವೇ)

ಅಡಕಗಳು:

1. ಎರ್ರೆಮ್ಮನ ಹೆಸರಿಗೆ ಬಂದ ಹಸಿರು ಹಾಳೆ, ಒಂದು.

2. ಅನುಸೂಯಾ ಅವರು 386 ಮತ್ತು 391 ಎಂದು ಕೈಯಲ್ಲಿ ಬರೆದುಕೊಟ್ಟ ಚೀಟಿ, ಒಂದು.

3. ನನ್ನ ಹತ್ತು ಬೆರಳುಗಳ ಜೆರಾಕ್ಸ್. (ಯಂತ್ರದ ಮೇಲೆ ಅಂಗೈ ಇಡಲು ಅಂಗಡಿಯವರು ಒಪ್ಪದ ಕಾರಣ ಲಗತ್ತಿಸಿಲ್ಲ.)

4. ಮೂಲ ಪ್ರತಿ: ಎರ್ರೆಮ್ಮ, ವಯಸ್ಸು 38. ಲಕೋಟೆಯಲ್ಲಿ ಹಿಡಿಯದ ಕಾರಣ ತಮ್ಮ ಕಚೇರಿಯ ಹೊರಗಿನ ಬೆಂಚಿನ ಮೇಲೆ ಕೂರಿಸಿದ್ದೇನೆ. ಖಾಲಿ ಹೊಟ್ಟೆಯ ರಕ್ತ ಕೇಳಬಹುದೆಂದು ನಿನ್ನೆ ಸಂಜೆಯಿಂದ ಏನೂ ತಿಂದಿಲ್ಲ. ಸದರಿ ಮೂಲ ಪ್ರತಿಯನ್ನು ಪರಿಶೀಲಿಸಿದ ನಂತರ, ಯಾವ ಭಾಗವೂ ಕಡಿಮೆಯಾಗದಂತೆ ಅರ್ಜಿದಾರನಿಗೆ ವಾಪಸು ಕೊಡಬೇಕಾಗಿ ವಿನಂತಿ.